ಹದಿನಾಲ್ಕು ದಿನಕ್ಕೆ 48 ಗಂಟೆ

ಆಸ್ಟ್ರೇಲಿಯಾಕ್ಕೆ ಓದೋಕೆ ಹೊರಟ ಹುಡುಗರು ನನ್ನನ್ನು ಮೊದಲು ಕೇಳೋದು ಕೋರ್ಸಿನ ಬಗ್ಗೆ ಅಲ್ಲ. "ಅಣ್ಣಾ, ಪಾರ್ಟ್ ಟೈಮ್ ಎಷ್ಟು ಮಾಡಬಹುದು?" ಕ್ಲಾಸು ನಡೆಯುವಾಗ ಹದಿನಾಲ್ಕು ದಿನಕ್ಕೆ 48 ಗಂಟೆ, ರಜೆಯಲ್ಲಿ ಮಿತಿ ಇಲ್ಲ. ಏಜೆಂಟರು ಇದನ್ನೇ 'ವಾರಕ್ಕೆ 24' ಅಂತ ಹೇಳಿ ಕೈತೊಳೆದುಕೊಳ್ತಾರೆ.

ಆ ಹದಿನಾಲ್ಕು ದಿನದ ಲೆಕ್ಕ ಪ್ರತಿ ಸೋಮವಾರವೂ ಹೊಸದಾಗಿ ಶುರುವಾಗುತ್ತೆ. ಒಬ್ಬ ನಾಲ್ಕು ವಾರದಲ್ಲಿ 18, 30, 30, 18 ಗಂಟೆ ದುಡಿದ ಅಂದ್ಕೊಳ್ಳಿ. ಎರಡೆರಡು ವಾರ ಕೂಡಿಸಿದರೆ 48, 48. ಸರಿಯಾಗೇ ಇದೆ ಅನ್ಸುತ್ತೆ. ನಡುವಿನ ಎರಡು ವಾರ ಕೂಡಿಸಿ ನೋಡಿ: 60. ವೀಸಾ ಷರತ್ತು ಮುರೀತು! ಕೋಡ್ ಬರೆಯೋ ನಾವು ಇದನ್ನು ಸ್ಲೈಡಿಂಗ್ ವಿಂಡೋ ಅಂತೀವಿ. ನಮಗೇ ಇದರಲ್ಲಿ ಬಗ್ ಬರುತ್ತೆ, ಹೋಟೆಲಿನಲ್ಲಿ ತಟ್ಟೆ ತೊಳೆಯುವವನ ಗತಿ ಏನು?

ಓದೋಕೆ ಬಂದವರು ಓದಲಿ ಅನ್ನೋದು ಸರ್ಕಾರದ ವಾದ. ಒಪ್ಪೋಣ. ಆದರೆ 2022ರ ಜನವರಿಯಲ್ಲಿ ಕೆಲಸಕ್ಕೆ ಜನ ಸಿಗದಿದ್ದಾಗ ಮಿತಿಯನ್ನೇ ತೆಗೆದರಲ್ಲ, ಆಗ ಈ ಕಾಳಜಿ ಎಲ್ಲಿತ್ತು? 2023ರ ಜುಲೈ 1ಕ್ಕೆ ಮಿತಿ ವಾಪಸ್ ಬಂತು, ಹಳೆಯ 40ರ ಬದಲು 48 ಆಗಿ. ಕೆನಡಾ ಕೂಡ 2022ರ ನವೆಂಬರಿನಲ್ಲಿ ವಾರಕ್ಕೆ 20 ಗಂಟೆಯ ಮಿತಿ ಸಡಿಲಿಸಿ, 2024ರ ಏಪ್ರಿಲ್ ಕೊನೆಗೆ ಅದನ್ನು ನಿಲ್ಲಿಸಿ, ಆಮೇಲೆ 24 ಮಾಡಿತು. ನಮ್ಮೂರ ಕೆರೆಯ ತೂಬು ಎತ್ತಿ ಇಳಿಸಿದ ಹಾಗೆ.

ನನ್ನ ದೊಡ್ಡ ತಕರಾರು ಇದಲ್ಲ. ಮಿತಿ ಮೀರಿದರೆ ವೀಸಾ ಕಳೆದುಕೊಳ್ಳುವ ಭಯ ಹುಡುಗನದ್ದು, ಲಾಭ ಮಾಲೀಕನದ್ದು. 2015ರಲ್ಲಿ ಬಯಲಾದ ಸೆವೆನ್-ಇಲೆವೆನ್ ಹಗರಣ ನೋಡಿ. ಕೆಲವು ಫ್ರಾಂಚೈಸಿ ಅಂಗಡಿಗಳಲ್ಲಿ 40 ಗಂಟೆ ದುಡಿಸಿ ಲೆಕ್ಕದಲ್ಲಿ 20 ಬರೀತಿದ್ದರು. ಅಂದರೆ ಅರ್ಧ ಕೂಲಿ. ದೂರು ಕೊಟ್ಟರೆ ತಾನೇ ಷರತ್ತು ಮುರಿದೆ ಅಂತ ಒಪ್ಪಿಕೊಂಡ ಹಾಗೆ, ಆದ್ದರಿಂದ ಬಾಯಿ ಬಂದ್. ಈ ಥರ ವೀಸಾ ತೋರಿಸಿ ಹೆದರಿಸೋ ಮಾಲೀಕನ ಮೇಲೆ ಕ್ರಿಮಿನಲ್ ಕೇಸು ಹಾಕೋ ಕಾನೂನು ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ. ಒಂಬತ್ತು ವರ್ಷ ಸ್ವಾಮಿ!

ಇತ್ತ 2024ರ ಮೇ 10ರಿಂದ ಖರ್ಚಿಗೆ ಅಂತ 29,710 ಆಸ್ಟ್ರೇಲಿಯನ್ ಡಾಲರ್ ತೋರಿಸಬೇಕು. ಕಾಗದದ ಮೇಲೆ ಇವನು ದುಡಿಯಬೇಕಾಗೇ ಇಲ್ಲ. ಆದರೆ ಹಳ್ಳಿ ಮನೆಗಳಲ್ಲಿ ಆ ದುಡ್ಡು ಬರೋದು ಜಮೀನು ಅಡ ಇಟ್ಟು. ಇದು ಗೊತ್ತಿದ್ದೂ ಕಮಿಷನ್ ಎಣಿಸೋ ಏಜೆಂಟರು, ಕಡೇಪಕ್ಷ ಆ ಸೋಮವಾರದ ಲೆಕ್ಕವನ್ನಾದರೂ ಕರಪತ್ರದಲ್ಲಿ ಅಚ್ಚು ಹಾಕಿಸಲಿ.