ಯಾರು ಕಟ್ಟಿದ ಬಾಯಿ?

ನಾಟಕ ನೋಡಿ ಬಂದ ವಿಮರ್ಶಕರು ಆಡುವ ಒಂದು ಮಾತಿದೆ: 'ಆಹಾ, ಆ ಮೌನ ಎಷ್ಟು ಆಳವಾಗಿತ್ತು!' ನಮಗೆ ಈ ಮಾತಿನ ಮೇಲೆ ಅನುಮಾನ. ನಮ್ಮ ಕೇರಿಯ ಮುದುಕ ಗೌಡರ ಜಗಲಿ ಮುಂದೆ ಕೈಕಟ್ಟಿ ನಿಂತಾಗಲೂ ಸುಮ್ಮನೇ ಇರ್ತಾನೆ. ಅದರಲ್ಲಿ ಯಾರೂ ಆಳ ಹುಡುಕಿಲ್ಲ. ಬಾಯಿಬಿಟ್ಟರೆ ನಾಳೆ ಕೂಲಿ ಇಲ್ಲ, ಅಷ್ಟೆ. ರಂಗದ ಮೇಲೆ ಪಾತ್ರವೊಂದು ಸುಮ್ಮನಾದಾಗಲೂ ನಾವು ಮೊದಲು ಕೇಳಬೇಕಾದ್ದು ಇದರ ಬಾಯಿ ಕಟ್ಟಿದವರು ಯಾರು ಅಂತ.

ಜರ್ಮನಿಯ ಬ್ರೆಕ್ಟ್ 1939ರಲ್ಲಿ ಬರೆದ 'ಮದರ್ ಕರೇಜ್' ನಾಟಕ ಈ ಪ್ರಶ್ನೆಯನ್ನು ನೇರವಾಗಿ ಎದುರಿಸುತ್ತದೆ. 17ನೇ ಶತಮಾನದ ಮೂವತ್ತು ವರ್ಷಗಳ ಯುದ್ಧ. ಗಾಡಿ ಎಳೆದುಕೊಂಡು ಸೈನಿಕರಿಗೆ ಸಾಮಾನು ಮಾರಿ ಬದುಕುವ ಒಬ್ಬ ತಾಯಿ. ಶತ್ರು ಸೈನಿಕರು ಅವಳ ಮಗನನ್ನು ಹಿಡಿದಿದ್ದಾರೆ. ಬಿಡಬೇಕಾದರೆ 200 ಗಿಲ್ಡರ್ ಲಂಚ. ಗಾಡಿ ಒತ್ತೆಯಿಟ್ಟರೆ ಅಷ್ಟು ಹುಟ್ಟುತ್ತೆ. ಆದರೆ ಎಲ್ಲ ಕೊಟ್ಟರೆ ನಾಳೆ ಮಗಳ ಜೊತೆ ತಿನ್ನೋದೇನು? 120ಕ್ಕೆ ಚೌಕಾಸಿ ಮಾಡ್ತಾಳೆ. ಕೊನೆಗೆ ಪೂರ್ತಿ ಕೊಡ್ತೀನಿ ಅನ್ನುವ ಹೊತ್ತಿಗೆ ಗುಂಡಿನ ಸದ್ದು.

1949ರ ಜನವರಿಯಲ್ಲಿ, ಇನ್ನೊಂದು ಯುದ್ಧದಿಂದ ಹಾಳುಬಿದ್ದ ಬರ್ಲಿನ್ನಿನಲ್ಲಿ, ಬ್ರೆಕ್ಟ್‌ನ ಹೆಂಡತಿ ಹೆಲೆನ್ ವೈಗೆಲ್ ಈ ಪಾತ್ರ ಮಾಡಿದರು. ಸದ್ದು ಕೇಳಿದ ಮೇಲೆ ತಲೆ ಹಿಂದಕ್ಕೆ ಬಾಗಿತು, ಬಾಯಿ ಅಗಲವಾಗಿ ತೆರೆಯಿತು, ಕೂಗು ಬರಲಿಲ್ಲ. ಆಮೇಲೆ ಹೆಣ ತಂದು, ಇವನ ಗುರುತುಂಟಾ ಅಂತ ಕೇಳ್ತಾರೆ. ಹೌದು ಅಂದರೆ ಅವಳಿಗೂ ಅಪಾಯ. ತಲೆ ಅಲ್ಲಾಡಿಸ್ತಾಳೆ. ಹೆತ್ತ ಮಗನನ್ನು ಹಾಳುಗುಂಡಿಗೆ ಎಸೀತಾರೆ.

ಕೂಗು ಬಂದಿದ್ದರೆ ನಾವೂ ಜೊತೆಗೆ ಅತ್ತು ಹಗುರಾಗಿ ಮನೆಗೆ ಹೋಗುತ್ತಿದ್ದೆವು. ಆ ತೆರೆದ ಬಾಯಲ್ಲಿ ದುಃಖದ ಜೊತೆಗೆ ಉಳಿಸಿಕೊಳ್ಳಲು ನೋಡಿದ 80 ಗಿಲ್ಡರಿನ ಲೆಕ್ಕವೂ ಇದೆ, ಸೈನಿಕರ ಭಯವೂ ಇದೆ. ಬಡವರಿಗೆ ಅಳುವುದಕ್ಕೂ ಸ್ವಾತಂತ್ರ್ಯವಿಲ್ಲ ಅನ್ನೋದನ್ನು ಯಾವ ಭಾಷಣವೂ ಹೀಗೆ ಹೇಳಲಾರದು.

ಇನ್ನೊಂದು ಸಂಗತಿ ನಮ್ಮನ್ನು ಕಾಡುತ್ತದೆ. ಈ ಭಂಗಿ ಬಹುಶಃ ಒಂದು ಪತ್ರಿಕಾ ಚಿತ್ರದಿಂದ ಬಂದಿರಬೇಕೆಂದು ಬ್ರೆಕ್ಟ್ ಟಿಪ್ಪಣಿ ಬರೆದಿದ್ದಾನೆ. ಸಿಂಗಪುರದ ಮೇಲೆ ದಾಳಿ ನಡೆದಾಗ ಸತ್ತ ಮಗನ ಪಕ್ಕ ಕುಕ್ಕರಗಾಲಲ್ಲಿ ಕುಳಿತ ಒಬ್ಬ ಭಾರತೀಯ ಹೆಂಗಸಿನ ಚಿತ್ರ. ಕೇಳಿದಾಗ ವೈಗೆಲ್‌ಗೇ ಅದು ನೆನಪಿರಲಿಲ್ಲವಂತೆ. ಜಗತ್ತಿನ ರಂಗಭೂಮಿಯೆಲ್ಲ ಕೊಂಡಾಡಿದ ಮೌನದ ಹಿಂದೆ ಹೀಗೆ ನಮ್ಮವಳೊಬ್ಬಳಿದ್ದಾಳೆ. ಟಿಪ್ಪಣಿಯಲ್ಲಿ ಅವಳಿಗೆ ಹೆಸರಿಲ್ಲ.

ಈಗ ನಮ್ಮ ಮನೆಯ ತೂತು ನೋಡೋಣ. ನಮ್ಮ ಗೆಳೆಯರ ಬೀದಿನಾಟಕಗಳಲ್ಲೂ ದಲಿತ ಪಾತ್ರ ಅಂದರೆ ಹರಕು ಕಂಬಳಿ ಹೊದ್ದು, ತಲೆ ತಗ್ಗಿಸಿ, ಮೂಲೆಯಲ್ಲಿ ನಿಲ್ಲೋದು. ನೋಡುವವರು 'ಪಾಪ' ಅಂತಾರೆ. ಪಾಪ ಅಂದವನು ಊರಿಗೆ ಹೋಗಿ ಹೋಟೆಲಿನಲ್ಲಿ ನಮಗೆ ಬೇರೆ ಲೋಟವನ್ನೇ ಇಡ್ತಾನೆ. ಜೀತದವನು ಸುಮ್ಮನಿರುವುದು ಅವನ ಸ್ವಭಾವ ಎಂಬಂತೆ ಆಡುವ ನಟ, ನಮ್ಮವನೇ ಆಗಿದ್ದರೂ, ಗೌಡನ ಕೆಲಸ ಮಾಡುತ್ತಿದ್ದಾನೆ.

ಅಂಥ ನಟರು ಅದೇ ನಾಟಕದ ಮಗಳು ಕ್ಯಾಟ್ರಿನ್‌ಳನ್ನು ನೋಡಬೇಕು. ಬರ್ಲಿನ್ನಿನಲ್ಲಿ ಈ ಪಾತ್ರ ಮಾಡಿದ್ದು ಆಂಜೆಲಿಕಾ ಹುರ್ವಿಟ್ಸ್. ಕ್ಯಾಟ್ರಿನ್ ಮೂಗಿ. ಚಿಕ್ಕಂದಿನಲ್ಲಿ ಸೈನಿಕನೊಬ್ಬ ಬಾಯಿಗೆ ಏನೋ ತುರುಕಿದ್ದ, ಅಂದಿನಿಂದ ಮಾತು ಹೋಯಿತು. ಬ್ರೆಕ್ಟ್ ಈ ಕಾರಣವನ್ನು ತಾಯಿಯ ಬಾಯಲ್ಲೇ ಹೇಳಿಸುತ್ತಾನೆ. ಇಡೀ ನಾಟಕದಲ್ಲಿ ಅವಳಿಗೆ ಒಂದು ಮಾತೂ ಇಲ್ಲ. ಕೊನೆಗೆ ಹಾಲೆ ಎಂಬ ಊರಿನ ಮೇಲೆ ರಾತ್ರೋರಾತ್ರಿ ದಾಳಿಗೆ ಸೈನ್ಯ ಬರ್ತದೆ. ಮಾತು ಬರುವ ರೈತ ಗಂಡ ಹೆಂಡಿರು ಮಂಡಿಯೂರಿ ಪ್ರಾರ್ಥನೆಗೆ ಕೂರ್ತಾರೆ. ಆ ಊರಲ್ಲಿ ಮಕ್ಕಳಿದ್ದಾರೆ ಅನ್ನೋದು ಕಿವಿಗೆ ಬಿದ್ದದ್ದೇ ತಡ, ಮೂಗಿ ಸೂರಿನ ಮೇಲೆ ಹತ್ತಿ, ಏಣಿ ಮೇಲಕ್ಕೆಳೆದುಕೊಂಡು, ಡೋಲು ಬಡೀತಾಳೆ. ನಿನ್ನ ತಾಯಿಯನ್ನು ಉಳಿಸ್ತೀವಿ ಅಂತಾರೆ, ಬಡೀತಾಳೆ. ಸದ್ದು ಮುಚ್ಚೋಕೆ ಕೆಳಗೆ ಸೌದೆ ಒಡೆಸ್ತಾರೆ (ದಬ್ಬಾಳಿಕೆಯ ತಲೆ ಓಡೋದೇ ಹೀಗೆ), ಆಗಲೂ ಬಡೀತಾಳೆ. ಗುಂಡು ಹಾರಿಸಿದಾಗ ಕೈ ನಿಲ್ಲುತ್ತೆ. ಅಷ್ಟರಲ್ಲಿ ಹಾಲೆಯ ಗಂಟೆಗಳು, ಫಿರಂಗಿಗಳು ಸದ್ದು ಮಾಡ್ತಿರ್ತವೆ.