ತೋಪಿನ ಲೆಕ್ಕ, ಆಳಿನ ಹೆಸರು

ಕಳೆದ ಸೆಪ್ಟೆಂಬರಿನಲ್ಲಿ ಡೊಂಬಿವಲಿಯ ಒಂದು ಸಭಾಗೃಹದಲ್ಲಿ ನಾನೊಂದು ಸುಳ್ಳು ಹೇಳಿದೆ. ಪೂರ್ತಿ ಸುಳ್ಳಲ್ಲ, ಮುಕ್ಕಾಲು ಸುಳ್ಳು.

ಮೈಸೂರು ಲ್ಯಾನ್ಸರ್ಸ್ ಬಗ್ಗೆ ಉಪನ್ಯಾಸವಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ನಮ್ಮ ಕುದುರೆ ಪಡೆ ಮಷಿನ್ ಗನ್ನುಗಳ ಎದುರು ನುಗ್ಗಿದ ಕಥೆ. ಉಪನ್ಯಾಸಕರು ಚೆನ್ನಾಗಿ ಮಾತಾಡುವವರು, ಭರ್ಜಿ ಎತ್ತಿ ಹಿಡಿದಂತೆ ಕೈ ಎತ್ತುತ್ತಿದ್ದರು. ಕೊನೆಗೆ ಸಭಿಕರಿಗೆ ಮೈಕು ಕೊಟ್ಟಾಗ ನಾನು ಎದ್ದು ನಿಂತು, ನಮ್ಮ ಅಜ್ಜಿಯ ದೊಡ್ಡಪ್ಪನೂ ಆ ದಂಡಿನಲ್ಲಿ ಹೈಫಾಕ್ಕೆ ಹೋಗಿದ್ದರು ಎಂದುಬಿಟ್ಟೆ. ಚಪ್ಪಾಳೆ ಬಿತ್ತು. ಚಹಾದ ಹೊತ್ತಿಗೆ ಐರೋಲಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿಯೊಬ್ಬಳು ಬಂದು, "ಅಂಕಲ್, ಅವರ ಹೆಸರೇನು?" ಅಂದಳು. ನನಗೆ ಗೊತ್ತಿರಲಿಲ್ಲ. ಅವಳು ಉಪನ್ಯಾಸಕರ ಕಡೆ ತಿರುಗಿ, "ಸರ್, ಹೈಫಾದಲ್ಲಿ ಸತ್ತ ಒಬ್ಬ ಮೈಸೂರು ಸವಾರನ ಹೆಸರು ಹೇಳ್ತೀರಾ?" ಎಂದು ಕೇಳಿದಳು. ಅವರು ಒಂದು ಗಳಿಗೆ ಯೋಚಿಸಿ, "ಹದಿನೇಳು ತೋಪು ಹಿಡಿದರಮ್ಮ" ಅಂದರು.

ಆ ಉತ್ತರ ಇಂದಿಗೂ ನನ್ನ ಕಿವಿಯಲ್ಲಿದೆ. ಉಪನ್ಯಾಸಕರನ್ನು ಹಂಗಿಸಲು ಇದನ್ನು ಬರೆಯುತ್ತಿಲ್ಲ. ನಾವು ಯುದ್ಧದ ಕಥೆ ಹೇಳುವ ರೀತಿಯೇ ಹಾಗಿದೆ: ಆಳಿನ ಹೆಸರು ಕೇಳಿದರೆ ತೋಪಿನ ಲೆಕ್ಕ ಬರುತ್ತದೆ.

ಮೊದಲು ಆ ಲೆಕ್ಕವನ್ನೇ ನೋಡೋಣ. 17 ತೋಪು, 11 ಮಷಿನ್ ಗನ್, ಸುಮಾರು 1,350 ಸೆರೆಯಾಳು. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಕುದುರೆಗಳಲ್ಲಿ ಸತ್ತವು 60, ಗಾಯಗೊಂಡವು 83. ಕುದುರೆಯ ಲೆಕ್ಕ ಆಳಿನ ಲೆಕ್ಕಕ್ಕಿಂತ ಎಷ್ಟೋ ಪಾಲು ದೊಡ್ಡದು, ಆದರೂ ನಾನು ಕೇಳಿದ ಯಾವ ಭಾಷಣದಲ್ಲೂ ಅದು ಬಂದಿಲ್ಲ. ಜೋಧಪುರದ ಮೇಜರ್ ದಲ್ಪತ್ ಸಿಂಗ್ ಅಲ್ಲಿ ಬಿದ್ದದ್ದು ಎಲ್ಲರಿಗೂ ಗೊತ್ತು, ಗೊತ್ತಿರಬೇಕಾದದ್ದೇ. ದೆಹಲಿಯ ತೀನ್ ಮೂರ್ತಿಯಲ್ಲಿ ಲೆನರ್ಡ್ ಜೆನ್ನಿಂಗ್ಸ್ ಮಾಡಿದ ಮೂರು ಕಂಚಿನ ಪ್ರತಿಮೆಗಳು ಜೋಧಪುರ, ಹೈದರಾಬಾದು, ಮೈಸೂರುಗಳಿಗೆ ಸೇರಿದವು. 2018ರ ಜನವರಿಯಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಸೇರಿಕೊಂಡಿತು. ಅಲ್ಲಿಂದ ಈಚೆಗೆ ಪ್ರತಿ ಸೆಪ್ಟೆಂಬರಿನಲ್ಲಿ ನಮ್ಮ ಮೊಬೈಲುಗಳಿಗೆ ಒಂದೇ ಕಥೆ ಬರುತ್ತದೆ: ಬರೀ ಭರ್ಜಿ ಕತ್ತಿಗಳಿಂದ ಮಷಿನ್ ಗನ್ ಗೆದ್ದರು.

ಈ 'ಬರೀ' ಎಂಬ ಪದದ ಮೇಲೆ ನನ್ನ ತಕರಾರಿದೆ. ಅಂದು ಕುದುರೆಗಳ ಬೆನ್ನಿಗೆ ಬ್ರಿಟಿಷ್ ತೋಪುಪಡೆಯೊಂದು ಗುಂಡು ಹಾರಿಸುತ್ತಿತ್ತು. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನು ಹತ್ತಿ ಮೇಲಿನ ತೋಪುಗಳ ಮೇಲೆ ಬಿದ್ದಾಗ ಅವರ ಹತ್ತಿರವೂ ಮಷಿನ್ ಗನ್ ಇತ್ತು, ಆಮೇಲೆ ಶೆರ್ವುಡ್ ರೇಂಜರ್ಸ್ ಎಂಬ ಬ್ರಿಟಿಷ್ ಕುದುರೆ ಪಡೆಯ ತುಕಡಿಯೂ ಬಂದು ಸೇರಿತು. ಇದನ್ನು ಹೇಳಿದರೆ ಸವಾರನ ಧೈರ್ಯ ಕಡಿಮೆಯಾಗುತ್ತದೆಯೆ? ಕಲ್ಲುಬಂಡೆಗಳ ಕಡಿದಾದ ಇಳಿಜಾರಿನಲ್ಲಿ ಕುದುರೆ ಹತ್ತಿಸುವುದು ಎಂಥ ಕೆಲಸವೆಂದು ಹೇಳಿದರೆ ಆ ಧೈರ್ಯ ಇನ್ನೂ ಚೆನ್ನಾಗಿ ತಿಳಿಯುತ್ತದೆ. 'ಬರೀ ಭರ್ಜಿ' ಅಂದ ಕೂಡಲೇ ಮನುಷ್ಯ ಹೋಗಿ ಕ್ಯಾಲೆಂಡರಿನ ಚಿತ್ರ ಬಂದು ನಿಲ್ಲುತ್ತದೆ.

ಎದುರಿಗಿದ್ದವರು ಯಾರು ಎಂಬುದೂ ನಮ್ಮ ಕಥೆಯಲ್ಲಿ ಮಸುಕು. 'ತುರ್ಕರು ಮತ್ತು ಜರ್ಮನರು' ಎಂದು ಮುಗಿಸುತ್ತೇವೆ. ಆದರೆ ಕಾರ್ಮೆಲ್ ಇಳಿಜಾರಿನ ತೋಪುಗಳಲ್ಲಿ ಆಸ್ಟ್ರಿಯಾದವರ ಹಗುರ ತೋಪುಪಡೆಯೂ ಇತ್ತೆಂದು ಕದನದ ವಿವರಗಳು ಹೇಳುತ್ತವೆ. ಆಗ ಆಸ್ಟ್ರಿಯಾ ಅಂದರೆ ಆಸ್ಟ್ರಿಯಾ-ಹಂಗೇರಿ, ಒಬ್ಬ ಚಕ್ರವರ್ತಿ, ಎರಡು ರಾಜ್ಯ, ಹತ್ತಾರು ಭಾಷೆ. ಹಿಂದಿನ ವರ್ಷ ಗಾಜಾದಲ್ಲಿಯೂ ಅವರ ಹೋವಿಟ್ಜರುಗಳು ತುರ್ಕರ ಬೆಂಬಲಕ್ಕಿದ್ದವು. ಬೊಹೀಮಿಯಾದ ಪಿಲ್ಸೆನ್ನಿನ ಸ್ಕೋಡಾ ಕಾರ್ಖಾನೆಯಲ್ಲಿ ತಯಾರಾದ, ಬಿಡಿಬಿಡಿಯಾಗಿ ಬಿಚ್ಚಿ ಬೆಟ್ಟದ ಮೇಲೆ ಸಾಗಿಸಬಹುದಾದ ತೋಪುಗಳು ಅವು. (ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ, ಅಂದರೆ ಒಂದು ಕಾಲಕ್ಕೆ ಕುದುರೆ ಇಳಿಯುತ್ತಿದ್ದ ಬಂದರು ಎಂದು ಜನ ಹೇಳುವ ದಾರಿಯಲ್ಲಿ, ಟ್ರಾಫಿಕ್ಕಿನಲ್ಲಿ ನಿಂತು ಮುಂದಿನ ಕಾರಿನ ಹಿಂಭಾಗದ ಮೇಲೆ ಆ ಹೆಸರನ್ನು ಓದುವಾಗ ನನಗೆ ಈಗ ಬೇರೆಯೇ ಏನೋ ನೆನಪಾಗುತ್ತದೆ.)

ಆ ಸೈನ್ಯದ ಒಂದು ಸಂಗತಿ ನಮ್ಮಂಥ ವಲಸಿಗರಿಗೆ ತಟ್ಟನೆ ಅರ್ಥವಾಗುವಂಥದು. ಹಂಗೇರಿಯನ್, ಜೆಕ್, ಪೋಲಿಷ್, ಕ್ರೊಯೇಷಿಯನ್, ರುಮೇನಿಯನ್ ಮಾತಾಡುವ ಹಳ್ಳಿಯ ಹುಡುಗರಿಗೆಲ್ಲ ಆಜ್ಞೆ ಬರುತ್ತಿದ್ದದ್ದು ಜರ್ಮನ್ ಭಾಷೆಯಲ್ಲಿ. ಸುಮಾರು 80 ಪದ ಕಲಿತರೆ ಸಾಕಿತ್ತು. ನಿಲ್ಲು, ನಡೆ, ತಿರುಗು, ಹೊಡೆ. ಉಳಿದ ಮಾತಿಗೆ ಅವರವರ ಭಾಷೆ, ಅದನ್ನು ಅಧಿಕಾರಿಗಳು ಕಲಿಯಬೇಕು. ನಾನು ಕಲ್ಯಾಣಕ್ಕೆ ಬಂದ ಮೊದಲ ವರ್ಷ ನನ್ನ ಹತ್ತಿರ ಇದ್ದದ್ದೂ ಅಷ್ಟೇ ಪದ: ಚಲಾ, ಥಾಂಬಾ, ಉತರಾ, ಪುಢೇ ವ್ಹಾ. ವ್ಯತ್ಯಾಸವೆಂದರೆ ನನ್ನ ಅಧಿಕಾರಿಗಳು ಯಾರೂ ಕನ್ನಡ ಕಲಿಯಲಿಲ್ಲ. ಜೆಕ್ ಲೇಖಕ ಯಾರೊಸ್ಲಾವ್ ಹಾಶೆಕ್, ಆ ಸೈನ್ಯದಲ್ಲೇ ದುಡಿದವನು, ಈ ಭಾಷೆಗಳ ಗೋಜಲಿನಿಂದಲೇ 'ಷ್ವೇಕ್' ಕಾದಂಬರಿಯ ಅರ್ಧ ನಗುವನ್ನು ತೆಗೆದ. ಕನ್ನಡ, ದಖ್ಖನಿ, ಮರಾಠಿ ಮಾತಾಡುವ ಸವಾರರು ಇಂಗ್ಲಿಷ್ ಅಧಿಕಾರಿಗಳ ಕೈಕೆಳಗೆ ಈಜಿಪ್ಟು, ಪ್ಯಾಲೆಸ್ಟೈನುಗಳಲ್ಲಿ ನಾಲ್ಕು ವರ್ಷ ಕಳೆದದ್ದರಲ್ಲಿ ನಗುವೂ ಇದ್ದಿರಲೇಬೇಕು. ಅದನ್ನು ಬರೆದ ಷ್ವೇಕ್ ನಮ್ಮಲ್ಲಿ ಹುಟ್ಟಲಿಲ್ಲ.

ಅಂದು ರಾತ್ರಿ ಮನೆಗೆ ಬಂದವನು ಹಂಗೇರಿಯವರು ತಮ್ಮ ಸೈನಿಕರನ್ನು ಹೇಗೆ ಬರೆದುಕೊಂಡಿದ್ದಾರೆಂದು ಹುಡುಕತೊಡಗಿದೆ. ಎರಡನೆಯ ಯುದ್ಧದ ಮೇಲೆ ಬಂದು ನಿಂತೆ. 1942ರಲ್ಲಿ ಹಂಗೇರಿ ತನ್ನ ಎರಡನೇ ಸೇನೆಯನ್ನು, ಸುಮಾರು 2 ಲಕ್ಷ ಜನರನ್ನು, ಹಿಟ್ಲರನ ಜೊತೆಗೆ ರಷ್ಯಾದ ದೋನ್ ನದಿಯ ದಂಡೆಗೆ ಕಳಿಸಿತು. ಅವರಲ್ಲಿ ಹತ್ತಾರು ಸಾವಿರ ಜನ ಬಂದೂಕಿಲ್ಲದ ಬಿಟ್ಟಿ ದುಡಿಮೆಯವರು, ಬಹುಪಾಲು ಯೆಹೂದ್ಯರು. ಸಲಕರಣೆಯ ಕಥೆ ಹೀಗೆ: ಸ್ವೀಡನ್ನಿನ ನಮೂನೆಯ ಮೇಲೆ ಕಟ್ಟಿದ ಟೋಲ್ಡಿ ಟ್ಯಾಂಕಿಗೆ 20 ಮಿಲಿಮೀಟರಿನ ತೋಪು, ಜರ್ಮನರು ಕೊಟ್ಟ ಜೆಕ್ ಟ್ಯಾಂಕಿಗೆ 37 ಮಿಲಿಮೀಟರಿನದು. ಎದುರಿಗೆ ಸೋವಿಯತ್ತಿನ ಟಿ-34, ಅದರ ತೋಪು 76 ಮಿಲಿಮೀಟರ್. ಸುಮಾರು 200 ಕಿಲೋಮೀಟರ್ ಉದ್ದದ ಸಾಲನ್ನು ಇಷ್ಟರಲ್ಲೇ ಕಾಯಬೇಕು. 1943ರ ಜನವರಿ 12ರಂದು ದಾಳಿ ಶುರುವಾಯಿತು. ಚಳಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ. ಕೆಲವೇ ವಾರಗಳಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡರು ಇಲ್ಲವೇ ಸೆರೆಯಾದರು. ದಂಡನಾಯಕ ಗುಸ್ತಾವ್ ಯಾನಿ ಹಿಮದಲ್ಲಿ ಓಡಿಬರುತ್ತಿದ್ದ ಆ ಜನಕ್ಕೇ ನೀವು ಮಾನ ಕಳೆದುಕೊಂಡಿರಿ ಎಂದು ಆಜ್ಞಾಪತ್ರ ಹೊರಡಿಸಿದ.

ಯುದ್ಧ ಮುಗಿದ ಮೇಲೆ ಬಂದ ಸರಕಾರಕ್ಕೆ ಈ ಸತ್ತವರು ಬೇಡವಾದರು. ಅವರು ತಪ್ಪು ಕಡೆ ಸತ್ತವರು. 1972ರಲ್ಲಿ ಇಸ್ತ್ವಾನ್ ನೆಮೆಶ್ಕ್ಯುರ್ತಿ ಆ ಸೇನೆಯ ಮೇಲೆ ಪುಸ್ತಕ ಬರೆದಾಗಲೇ ದೇಶ ಗಟ್ಟಿಯಾಗಿ ಮಾತಾಡಲು ತೊಡಗಿದ್ದು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕೂ ಮೊದಲಿನ ಒಂದು ನಾಟಕ, ಇಸ್ತ್ವಾನ್ ಓರ್ಕೆನಿಯ 'ತೋತ್ ಕುಟುಂಬ'. ಓರ್ಕೆನಿ ದೋನ್ ದಂಡೆಯಲ್ಲಿ ಬಿಟ್ಟಿ ದುಡಿಮೆಯವನಾಗಿದ್ದು ಸೋವಿಯತ್ ಸೆರೆಯಲ್ಲಿ ವರ್ಷಗಳನ್ನು ಕಳೆದು ಬಂದವನು. ಅವನ ಕೈಲಿ ಹಿಮವೂ ಇತ್ತು, ಹೆಣವೂ ಇತ್ತು. ಅವನು ಎರಡನ್ನೂ ರಂಗದ ಮೇಲೆ ತರಲಿಲ್ಲ.

ನಾಟಕದಲ್ಲಿ ಒಂದು ಹಳ್ಳಿ. ತೋತ್ ಎಂಬುವವನು ಅಲ್ಲಿನ ಬೆಂಕಿ ಆರಿಸುವ ದಳದ ಮುಖ್ಯಸ್ಥ. ಮಗ ರಣರಂಗದಲ್ಲಿದ್ದಾನೆ. ಮಗನ ಮೇಜರ್ ರಜೆಯ ಮೇಲೆ ಇವರ ಮನೆಗೆ ಬರುತ್ತಾನೆ. ಅವನನ್ನು ಚೆನ್ನಾಗಿ ನೋಡಿಕೊಂಡರೆ ಮಗನಿಗೆ ಅನುಕೂಲವಾದೀತೆಂದು ಅಪ್ಪ, ಅಮ್ಮ, ಮಗಳು ಮೂವರೂ ಅವನು ಹೇಳಿದಂತೆ ಕುಣಿಯುತ್ತಾರೆ. ಮೇಜರಿಗೆ ನಿದ್ದೆ ಬರುವುದಿಲ್ಲ, ಯಾರೂ ಸುಮ್ಮನೆ ಕೂತಿರುವುದನ್ನು ಕಂಡರೆ ಆಗುವುದಿಲ್ಲ. ಹೀಗಾಗಿ ರಾತ್ರಿಯಿಡೀ ಮನೆಮಂದಿ ರಟ್ಟಿನ ಡಬ್ಬಿ ಮಡಚುತ್ತಾರೆ. ಎದುರು ಕೂತ ತೋತ್ ತನ್ನ ಬೆನ್ನ ಹಿಂದೆ ಏನನ್ನೋ ನೋಡುತ್ತಾನೆಂದು ಮೇಜರಿಗೆ ದಿಗಿಲು. ಅದಕ್ಕೆ ತೋತ್ ತನ್ನ ಹೆಲ್ಮೆಟ್ಟನ್ನು ಕಣ್ಣು ಮುಚ್ಚುವಂತೆ ಎಳೆದುಕೊಳ್ಳಬೇಕು. ಮಗ ಆಗಲೇ ಸತ್ತಿದ್ದಾನೆ. ಅದು ನಮಗೆ ಗೊತ್ತು, ಹಳ್ಳಿಯ ಅಂಚೆಯವನಿಗೆ ಗೊತ್ತು. ಆ ಮನೆಯವರ ಮೇಲಿನ ಅಕ್ಕರೆಗೆ ಅವನು ಕೆಟ್ಟ ಸುದ್ದಿಯ ಕಾಗದವನ್ನು ಮುಟ್ಟಿಸಿಯೇ ಇಲ್ಲ.

ಇಡೀ ನಾಟಕದಲ್ಲಿ ಸಲಕರಣೆ ಎಂದರೆ ಒಂದು ಹೆಲ್ಮೆಟ್ಟು, ರಟ್ಟು ಕತ್ತರಿಸುವ ಒಂದು ಯಂತ್ರ. ಕೊನೆಗೆ ಆ ಯಂತ್ರ ಏನು ಮಾಡುತ್ತದೆಂದು ಹೇಳಿ ನಿಮ್ಮ ಓದನ್ನು ಕೆಡಿಸಲಾರೆ. ಡೊಂಬಿವಲಿ ಫಾಸ್ಟ್ ಲೋಕಲಿನಲ್ಲಿ ಇಂಗ್ಲಿಷ್ ಅನುವಾದ ಓದುತ್ತ ನಕ್ಕೆ, ಪಕ್ಕದವರು ನೋಡುವಷ್ಟು ನಕ್ಕೆ, ಮುಂಬ್ರಾ ದಾಟುವಾಗ ನಗು ನಿಂತಿತ್ತು. ಡಬ್ಬಿ ಮಡಚುವ ಆ ತಾಯಿಯನ್ನು ನಾನು ಕಂಡಿದ್ದೇನೆ. ಇಲ್ಲಿನ ಚಾಳುಗಳಲ್ಲಿ ಕಂಪನಿಯಿಂದ ಗೋಣಿಗಟ್ಟಲೆ ಮಾಲು ತಂದು ರಾತ್ರಿಯಿಡೀ ಬಿಂದಿ ಅಂಟಿಸುವ, ಪೆನ್ನು ಜೋಡಿಸುವ ಹೆಂಗಸರು ಯಾರಿಗೆ ಗೊತ್ತಿಲ್ಲ?

ಸೋತವರ ಸಾಹಿತ್ಯ ಗೆದ್ದವರ ಸಾಹಿತ್ಯಕ್ಕಿಂತ ಮೇಲು ಎಂದು ಸುಲಭವಾಗಿ ಹೇಳಿಬಿಡಬಹುದು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ರನ್ನ ಗೆದ್ದ ರಾಜನ ಆಶ್ರಯದಲ್ಲಿ ಕೂತೇ ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿದ. ದ್ರೋಣ, ದುಶ್ಶಾಸನ, ಕರ್ಣ, ಮಗ ಲಕ್ಷಣಕುಮಾರ, ಒಬ್ಬೊಬ್ಬರ ಹತ್ತಿರವೂ ನಿಲ್ಲಿಸಿದ. ಹತ್ತನೇ ಶತಮಾನದ ಕನ್ನಡಕ್ಕೆ ಅದು ಸಾಧ್ಯವಿತ್ತು.

ಕಲ್ಲು ಕೆತ್ತುವವನಿಗೂ ಸಾಧ್ಯವಿತ್ತು. ಮದ್ದೂರಿನ ಹತ್ತಿರದ ಆತಕೂರಿನ ಶಾಸನಕ್ಕೆ, ಈಗ ಬೆಂಗಳೂರಿನ ಸಂಗ್ರಹಾಲಯದಲ್ಲಿರುವುದಕ್ಕೆ, ಹಿನ್ನೆಲೆ ತಕ್ಕೋಲದ ದೊಡ್ಡ ಕಾಳಗ, ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ್ದು. ಕಾಲ 949-50. ಅಲ್ಲಿ ಹೋರಾಡಿದ ಮಣಲೇರನಿಗೆ ಗಂಗರ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಂದರ ಜೊತೆ ಕಾದಿ ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಹೆಸರು ಬರೆಸಿದರು. ಸಾವಿರ ವರ್ಷದ ಹಿಂದಿನ ನಾಯಿಯ ಹೆಸರು ನಮಗೆ ಗೊತ್ತಿದೆ, ನೂರು ವರ್ಷದ ಹಿಂದಿನ 60 ಕುದುರೆಗಳಲ್ಲಿ ಒಂದರ ಹೆಸರೂ ನಮ್ಮ ಬಾಯಲ್ಲಿಲ್ಲ. ನಮ್ಮ ಈ ಕಡೆಯೂ, ಬೋರಿವಲಿಯ ಎಕ್ಸರಿನಲ್ಲಿ, ಶಿಲಾಹಾರರ ಕಾಲದವೆನ್ನುವ ವೀರಗಲ್ಲುಗಳಿವೆ, ಹುಟ್ಟುಗಳ ಸಾಲಿನ ಹಡಗುಗಳು ಎದುರುಬದುರಾದ ನೌಕಾಯುದ್ಧದ ಕೆತ್ತನೆ. ಅಲ್ಲಿಯೂ ಸಲಕರಣೆ ಇದೆ. ಆದರೆ ಹಡಗು ಕೆಳಗಿನ ಪಟ್ಟಿಕೆಗಳಲ್ಲಿ, ಸತ್ತ ಮನುಷ್ಯ ಮೇಲಿನ ಪಟ್ಟಿಕೆಯಲ್ಲಿ.

ಆಧುನಿಕ ಕನ್ನಡ ಗದ್ಯ ಈ ಪಟ್ಟಿಕೆಗಳನ್ನು ತಲೆಕೆಳಗು ಮಾಡಿದೆ ಎಂಬುದು ನನ್ನ ದೂರು. ಮೈಸೂರಿನ ಅರಸರು ಯುದ್ಧನಿಧಿಗೆ 50 ಲಕ್ಷ ಕೊಟ್ಟದ್ದು ಗೊತ್ತು. ಆ ನಾಲ್ಕು ವರ್ಷ ಒಂದು ಮನೆಯಲ್ಲಿ ಏನು ಮಾತಾಡಿಕೊಂಡರು, ಹೊಲ ಯಾರು ಉತ್ತರು, ಸುದ್ದಿ ತಂದವರು ಯಾರು, ಮುಚ್ಚಿಟ್ಟವರು ಯಾರು? ಈ ಪ್ರಶ್ನೆ ಹಿಡಿದು ಹೊರಟ ಒಂದು ಕನ್ನಡ ಕಾದಂಬರಿ ನನ್ನ ಓದಿಗೆ ಸಿಕ್ಕಿಲ್ಲ. ಹೆಸರಿಗಾಗಿ ದಫ್ತರ ಹುಡುಕುವುದು ಇತಿಹಾಸಕಾರರ ಕೆಲಸ. ಅಂಚೆಯವನನ್ನು ಹುಡುಕುವುದು ಸಾಹಿತಿಯ ಕೆಲಸ.

ಇನ್ನು ನನ್ನ ಮುಕ್ಕಾಲು ಸುಳ್ಳಿಗೆ ಬರುತ್ತೇನೆ. ಸಭೆಯ ಮಾರನೆಯ ದಿನ ಚನ್ನರಾಯಪಟ್ಟಣದಲ್ಲಿರುವ ಅತ್ತೆಗೆ ಫೋನು ಮಾಡಿದೆ. ಎಂಬತ್ತು ದಾಟಿದ್ದಾರೆ, ಕಿವಿ ಸ್ವಲ್ಪ ಮಂದ.

"ಹೈಫಾನೂ ಇಲ್ಲ ಗೈಫಾನೂ ಇಲ್ಲ ಕಣಪ್ಪ. ಬಸ್ರಾಕ್ಕೆ ಹೋಗಿದ್ದಿದ್ದು."

"ಕುದುರೆ ದಂಡಿನಲ್ಲಿ ಅಲ್ವಾ ಅತ್ತೆ?"

"ಕುದುರೆ ಎಲ್ಲಿಂದ ಬಂತು? ಎತ್ತಿನ ಗಾಡಿ ಹೊಡೀತಿದ್ರು."

ಆಗ ಹೊಳೆಯಿತು. ಮೈಸೂರಿನ ಸಾರಿಗೆ ದಳ ಆ ಯುದ್ಧದಲ್ಲಿ ಮೆಸಪೊಟೇಮಿಯಾದಲ್ಲಿ ದುಡಿದಿತ್ತು. ಆ ದಳಕ್ಕೆ ಕಂಚಿನ ಪ್ರತಿಮೆ ಇಲ್ಲ, ದಿನಾಚರಣೆ ಇಲ್ಲ. ನಾನು ಸಭೆಯಲ್ಲಿ ಮಾಡಿದ್ದು ಇಷ್ಟೇ, ಗಾಡಿ ಹೊಡೆಯುವವರನ್ನು ಎತ್ತಿ ಕುದುರೆಯ ಮೇಲೆ ಕೂರಿಸಿದ್ದು. ಯಾಕೆ ಕೂರಿಸಿದೆ ಎಂದು ನನಗೆ ಗೊತ್ತು, ಚಪ್ಪಾಳೆ ಕುದುರೆಗೆ ಬೀಳುತ್ತದೆ.

"ಅವರ ಹೆಸರು ಏನತ್ತೆ?"

"ನಾವೆಲ್ಲ ಬಸ್ರಾ ತಾತ ಅಂತಲೇ ಕರೀತಿದ್ದಿದ್ದು. ನಿಮ್ಮಜ್ಜಿಗೆ ಗೊತ್ತಿತ್ತು." ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಅಲ್ಲೇ ಬಿಟ್ಟು ಬಂದ ಎತ್ತಿನ ಹೆಸರು ಹೇಳ್ತಿದ್ರು. ಗೆಜ್ಜೆಗ. ಜ್ವರ ಬಂದಾಗೆಲ್ಲ ಗೆಜ್ಜೆಗಾ ಬಾ, ಗೆಜ್ಜೆಗಾ ಬಾ ಅಂತ ಕೂಗೋರು."

ಐರೋಲಿಯ ಹುಡುಗಿಗೆ ಮೆಸೇಜು ಮಾಡಿದೆ. ಹೈಫಾ ಅಲ್ಲ, ಬಸ್ರಾ. ಕುದುರೆ ಅಲ್ಲ, ಎತ್ತು. ಎತ್ತಿನ ಹೆಸರು ಗೆಜ್ಜೆಗ. ಐದು ನಿಮಿಷಕ್ಕೆ ಉತ್ತರ ಬಂತು:

"ಗಾಡಿಗೆ ಎರಡು ಎತ್ತು ಇರ್ತವಲ್ಲ ಅಂಕಲ್. ಇನ್ನೊಂದರ ಹೆಸರು?"