ನೆರೆದವರ ಕಣ್ಣು

ಪಾಪವನ್ನು ದಂಡಿಸುವ ಅಧಿಕಾರವನ್ನು ಒಂದು ಸಮಾಜವು ತನ್ನ ನ್ಯಾಯಾಧೀಶರಿಗೆ ಒಪ್ಪಿಸಿದ ಮೇಲೂ, ಆ ದಂಡನೆಯು ನಡುಹಗಲಿನಲ್ಲಿ, ಸಂತೆಯ ಬಯಲಿನಲ್ಲಿ, ಹತ್ತು ಜನರ ಇದಿರಿನಲ್ಲಿಯೇ ನಡೆಯತಕ್ಕದ್ದೆಂದು ಗೊತ್ತುಮಾಡಿದರೆ, ಅಲ್ಲಿ ನ್ಯಾಯಾಧೀಶನ ಲೇಖನಿಗಿಂತ ನೆರೆದವರ ಕಣ್ಣಿಗೇ ಹೆಚ್ಚಿನ ಅಧಿಕಾರವು ಸಲ್ಲುತ್ತದೆ. ಈ ಕಣ್ಣು ನಂಬತಕ್ಕದ್ದೆ? ನ್ಯಾಥೇನಿಯಲ್ ಹಾಥಾರ್ನನು 1850ರಲ್ಲಿ ಪ್ರಕಟಿಸಿದ ‘ದ ಸ್ಕಾರ್ಲೆಟ್ ಲೆಟರ್’ ಎಂಬ ಕಾದಂಬರಿಯನ್ನು ಜಾರತ್ವದ ಕಥೆಯೆಂದೂ ಪಶ್ಚಾತ್ತಾಪದ ಕಥೆಯೆಂದೂ ಓದುವ ರೂಢಿಯುಂಟು. ನನಗಾದರೋ ಅದು ಮೊದಲಿನಿಂದ ಕಡೆಯವರೆಗೆ ಈ ಒಂದು ಪ್ರಶ್ನೆಯನ್ನೇ ಕೆದಕುತ್ತಿರುವಂತೆ ತೋರುತ್ತದೆ.

ಕಥೆ ನಡೆಯುವ ಬಾಸ್ಟನ್ ನಗರವು 1630ರಲ್ಲಿ ಪ್ಯೂರಿಟನ್ನರು ಬಂದು ನೆಲೆಗೊಳಿಸಿದ ಊರು. ಆ ಜನರನ್ನು ಕ್ರೂರಿಗಳೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುವುದು ಸುಲಭ, ಆದರೆ ಅದು ನ್ಯಾಯವಾಗದು. ತಮ್ಮ ಸಮುದಾಯವು ಸಮಗ್ರವಾಗಿ ದೇವರೊಡನೆ ಒಂದು ಒಡಂಬಡಿಕೆಯನ್ನು ಮಾಡಿಕೊಂಡಿದೆಯೆಂದೂ, ಒಬ್ಬನ ಪಾಪವನ್ನು ಕಂಡೂ ಕಾಣದಂತಿದ್ದರೆ ದೈವಕೋಪವು ಎಲ್ಲರ ಬೆಳೆಯ ಮೇಲೂ ಮಕ್ಕಳ ಮೇಲೂ ಎರಗುವುದೆಂದೂ ಅವರು ಮನಃಪೂರ್ವಕವಾಗಿ ನಂಬಿದ್ದರು. ಇಂಥ ನಂಬಿಕೆಯುಳ್ಳ ಕಡೆ ಖಾಸಗಿಯಾದ ಪಾಪವೆಂಬುದು ಇರಲಾರದು. 1641ರ ಅವರ ಶಾಸನಸಂಹಿತೆಯು ವಿವಾಹಿತ ಸ್ತ್ರೀಯ ವ್ಯಭಿಚಾರಕ್ಕೆ, ಬೈಬಲಿನ ವಾಕ್ಯಗಳನ್ನೇ ಆಧಾರವಾಗಿ ಹೇಳಿ, ಮರಣದಂಡನೆಯನ್ನು ವಿಧಿಸಿತ್ತು. 1644ರಲ್ಲಿ ಮೇರಿ ಲೇಥಮ್ ಎಂಬ ತರುಣಿಯನ್ನೂ ಜೇಮ್ಸ್ ಬ್ರಿಟನ್ ಎಂಬವನನ್ನೂ ಈ ಅಪರಾಧಕ್ಕಾಗಿ ಗಲ್ಲಿಗೇರಿಸಿದರು. ನೆರೆಯ ಪ್ಲಿಮತ್ ವಸಾಹತು 1658ರಲ್ಲಿ, ತಪ್ಪಿತಸ್ಥರು ಬಟ್ಟೆಯಲ್ಲಿ ಕತ್ತರಿಸಿದ ಅಕ್ಷರಗಳನ್ನು ಮೇಲುಡುಪಿಗೆ ಹೊಲಿದುಕೊಂಡು ತಿರುಗಬೇಕೆಂದು ಕಟ್ಟಳೆಮಾಡಿತು. ಆದುದರಿಂದ ಕಾದಂಬರಿಯ ನಾಯಿಕೆಗೆ ದೊರೆತ ಶಿಕ್ಷೆ, ಮೂರು ಗಂಟೆಗಳ ಕಾಲ ಅಟ್ಟಣೆಯ ಮೇಲೆ ನಿಲ್ಲುವುದು ಮತ್ತು ಬದುಕಿರುವವರೆಗೂ ಎದೆಯ ಮೇಲೆ ‘ಎ’ ಎಂಬ ಕೆಂಪಕ್ಷರವನ್ನು ಧರಿಸುವುದು, ಆ ಊರಿನ ಹಿರಿಯರ ಲೆಕ್ಕದಲ್ಲಿ ಕರುಣೆಯೇ ಆಗಿತ್ತು.

ಮೂರು ತಿಂಗಳ ಕೂಸನ್ನು ಅವಚಿಕೊಂಡು ಸೆರೆಮನೆಯ ಬಾಗಿಲನ್ನು ದಾಟಿ ಬರುವ ಹೆಸ್ಟರ್ ಪ್ರಿನ್‌ಳ ಎದೆಯ ಮೇಲಣ ಆ ಅಕ್ಷರವನ್ನು ಹತ್ತಿರದಿಂದ ನೋಡಬೇಕು. ಅದನ್ನು ಧರಿಸತಕ್ಕದ್ದೆಂದು ವಿಧಿಸಿದವರು ಹೇಗೆ ಹೊಲಿಯತಕ್ಕದ್ದೆಂಬುದನ್ನು ವಿಧಿಸಿರಲಿಲ್ಲ. ಆಕೆ ನಯವಾದ ಕೆಂಪು ಬಟ್ಟೆಯಲ್ಲಿ ಅಕ್ಷರವನ್ನು ಕತ್ತರಿಸಿ, ಸುತ್ತಲೂ ಚಿನ್ನದೆಳೆಯ ಕಸೂತಿಯನ್ನು ಹಾಕಿ, ಉಡುಗೆತೊಡುಗೆಯ ವಿಷಯದಲ್ಲಿ ಆ ಊರು ಇಟ್ಟುಕೊಂಡಿದ್ದ ನಿರ್ಬಂಧಗಳನ್ನೆಲ್ಲ ಮೀರಿದ ಒಂದು ಆಭರಣವನ್ನಾಗಿ ಮಾಡಿಕೊಂಡು ಬಂದಿದ್ದಾಳೆ. ಮುಂದೆ ಆಕೆಯ ಜೀವನೋಪಾಯವೂ ಅದೇ ಸೂಜಿ. ಗವರ್ನರನ ಕೊರಳಪಟ್ಟಿಗೆ, ಹಸುಳೆಯ ಕುಲಾವಿಗೆ, ಸತ್ತವರಿಗೆ ಹೊದಿಸುವ ವಸ್ತ್ರಕ್ಕೆ ಆಕೆಯ ಕಸೂತಿ ಬೇಕು. ಮದುವಣಗಿತ್ತಿಯ ಮೇಲ್ಮುಸುಕಿಗೆ ಮಾತ್ರ ಆಕೆಯ ಕೈ ಸೋಕಕೂಡದು. ತನ್ನ ಮೈಮೇಲೆಯೇ ಪಾಪಿಯ ಹೊಲಿಗೆಯನ್ನು ಧರಿಸಿಕೊಂಡು, ಆ ಪಾಪಿಯ ಎದೆಯ ಹೊಲಿಗೆಯನ್ನು ಮಾತ್ರ ದುರುಗುಟ್ಟಿ ನೋಡುವ ಊರು ಅದು. ಇಷ್ಟನ್ನು ಹಾಥಾರ್ನನು ದನಿಯೇರಿಸದೆ ಹೇಳಿ ಮುಗಿಸುತ್ತಾನೆ.

ಸೆರೆಮನೆಯ ಮುಂದೆ ಕಾದು ನಿಂತ ಹೆಂಗಸರ ಮಾತುಕತೆಯೂ ಅಷ್ಟೇ ಮಿತವ್ಯಯದ ರಚನೆ. ಹಣೆಗೆ ಕಾದ ಕಬ್ಬಿಣದ ಬರೆ ಹಾಕಬೇಕಾಗಿತ್ತೆಂದು ಒಬ್ಬಳು, ಸಾಯಿಸಿದ್ದರೇ ಸರಿಯಾಗುತ್ತಿತ್ತೆಂದು ಇನ್ನೊಬ್ಬಳು ನುಡಿಯುತ್ತಿರುವಾಗ, ಮಗುವಿನ ಕೈಹಿಡಿದು ನಿಂತ ಒಬ್ಬ ಎಳೆಯ ತಾಯಿ ಮಾತ್ರ, ಗುರುತನ್ನು ಎಷ್ಟು ಮರೆಮಾಡಿಕೊಂಡರೂ ಅದರ ನೋವು ಅವಳ ಹೃದಯದಲ್ಲಿ ಇದ್ದೇ ಇರುವುದಷ್ಟೆ ಎಂದು ಮೆಲ್ಲಗೆ ಹೇಳುತ್ತಾಳೆ. ಏಳು ವರ್ಷಗಳಾದ ಮೇಲೆ, ಉತ್ಸವದ ದಿನ, ಹೆಸ್ಟರಳು ಅದೇ ಗುಂಪಿನ ಮುಖಗಳನ್ನೆಲ್ಲ ಮತ್ತೆ ಗುರುತಿಸುತ್ತಾಳೆ. ಆ ಒಬ್ಬಳು ಮಾತ್ರ ಅಲ್ಲಿಲ್ಲ, ಅವಳ ಹೆಣದ ಉಡುಪನ್ನು ಹೊಲಿದವಳು ಹೆಸ್ಟರಳೇ. ಇದನ್ನು ಲೇಖಕನು ಉಪವಾಕ್ಯವೊಂದರಲ್ಲಿ ಹೇಳಿ ಮುಂದಕ್ಕೆ ಹೋಗುತ್ತಾನೆ. ಈ ಕಾದಂಬರಿಯಲ್ಲಿ ನನ್ನನ್ನು ಅತ್ಯಂತ ಆಳವಾಗಿ ಕಲಕಿದ ಸ್ಥಳ ಇದೇ.

ಗವರ್ನರ್ ಬೆಲಿಂಗ್‌ಹ್ಯಾಮನ ಹಜಾರದಲ್ಲಿ ತೂಗುಹಾಕಿರುವ ಉಕ್ಕಿನ ಕವಚದ ಪ್ರಸಂಗವನ್ನೂ ಇಲ್ಲಿಯೇ ನೆನೆಯಬೇಕು. ಉಬ್ಬಿದ ಆ ಎದೆಗವಚದಲ್ಲಿ ಹೆಸ್ಟರಳ ಪ್ರತಿಬಿಂಬ ಬಿದ್ದಾಗ ಅಕ್ಷರವು ಬೃಹದಾಕಾರವನ್ನು ತಾಳಿ, ಹೆಣ್ಣು ಅದರ ಹಿಂದೆ ಅಡಗಿಹೋಗುತ್ತಾಳೆ. ಬಹಿರಂಗದಂಡನೆ ಮಾಡುವ ಕೆಲಸವೇ ಇದು.

ಹೆಸ್ಟರಳಲ್ಲಿ ಅಕ್ಷರದ ಹೊರತು ಬೇರೇನನ್ನೂ ಕಾಣದ ಜನ, ಅವಳ ಪಾಪದ ಪಾಲುಗಾರನಾದ ಯುವಕ ಪಾದ್ರಿ ಡಿಮ್ಸ್‌ಡೇಲನಲ್ಲಿ ಪುಣ್ಯದ ಹೊರತು ಬೇರೇನನ್ನೂ ಕಾಣರು. ತಾನು ಪಾಪಿಗಳಲ್ಲಿ ಅಧಮನೆಂದು ಆತನು ಉಪದೇಶಪೀಠದಿಂದಲೇ ಸಾರಿದರೆ ಅದು ಸಂತನ ವಿನಯವೆಂದು ಅವರ ಭಕ್ತಿ ಇಮ್ಮಡಿಸುತ್ತದೆ; ಹೀಗೆ ನಿಜವನ್ನು ಹೇಳಿಯೂ ಸುಳ್ಳಾಡಿದಂತಾಗುವ ಅವಸ್ಥೆ ಆತನನ್ನು ಒಳಗಿನಿಂದ ತಿನ್ನುತ್ತದೆ. ನಡುರಾತ್ರಿಯಲ್ಲಿ, ನೋಡುವವರಿಲ್ಲದ ಅಟ್ಟಣೆಯನ್ನು ಹತ್ತಿ ಆತನು ನಿಂತಾಗ ಆಕಾಶದಲ್ಲಿ ಉಲ್ಕೆಯೊಂದು ಬೆಳಗುತ್ತದೆ; ಅದರಲ್ಲಿ ಆತನಿಗೆ ತನ್ನ ಅಪರಾಧದ ಅಕ್ಷರ ಕಾಣುತ್ತದೆ, ಆ ರಾತ್ರಿ ಗವರ್ನರ್ ವಿಂತ್ರಾಪನು ತೀರಿಕೊಂಡುದರಿಂದ ಊರವರಿಗೆ ಅದೇ ಅಕ್ಷರದಲ್ಲಿ ದೇವದೂತನ ಸಂಕೇತ ಕಾಣುತ್ತದೆ. ಕಡೆಗೆ ಹಾಡುಹಗಲಿನಲ್ಲಿ, ಊರೆಲ್ಲ ನೆರೆದಿರುವಾಗ, ಆತನು ಎದೆಯನ್ನು ತೆರೆದು ತೋರಿಸಿ ಪ್ರಾಣಬಿಡುತ್ತಾನೆ. ಆಗಲಾದರೂ ಜನ ಕಂಡರೇನು? ಮಾಂಸದಲ್ಲಿ ಮೂಡಿದ ಅಕ್ಷರವನ್ನು ಕಂಡೆವೆನ್ನುವವರು ಕೆಲವರು, ಎದೆ ಹಸುಳೆಯ ಎದೆಯಂತೆ ಶುಭ್ರವಾಗಿತ್ತೆನ್ನುವವರು ಕೆಲವರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಬಲ್ಲ ನಮಗೆ ಇದರ ತಾತ್ಪರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ: ಕಣ್ಣನ್ನೇ ನಂಬಿ ಕಟ್ಟಿದ ನ್ಯಾಯಪದ್ಧತಿಗೆ, ನಿಜವು ಕಣ್ಣೆದುರಿಗೆ ಬಂದು ನಿಂತಾಗ, ಅದನ್ನು ಕಾಣುವ ಶಕ್ತಿಯೇ ಇಲ್ಲ.

ಹಾಥಾರ್ನನಿಗೆ ಈ ವಸ್ತುವು ಪುಸ್ತಕದಿಂದ ಬಂದುದಲ್ಲ, ರಕ್ತದಿಂದ ಬಂದುದು. ಆತನ ಮೂಲಪುರುಷನಾದ ವಿಲಿಯಂ ಹಾಥಾರ್ನನು ಕ್ವೇಕರ್ ಪಂಥದವರನ್ನು ಕಾಡಿದ ನ್ಯಾಯಾಧಿಕಾರಿ; ಆತನ ಮಗ ಜಾನನು 1692ರಲ್ಲಿ ಸೇಲಂ ಊರಿನ ಮಾಟಗಾತಿಯರ ವಿಚಾರಣೆಯಲ್ಲಿ ಕುಳಿತವನು. ಆ ವಿಚಾರಣೆಯಿಂದ 19 ಮಂದಿ ನೇಣಿಗೆ ಹೋದರು. ಅದೇ ಪೀಠದಲ್ಲಿದ್ದ ಸ್ಯಾಮ್ಯುಯಲ್ ಸೂಅಲ್ಲನು 1697ರಲ್ಲಿ ತನ್ನ ಚರ್ಚಿನ ಸಭೆಯೆದುರು ಎದ್ದುನಿಂತು, ತನ್ನ ತಪ್ಪೊಪ್ಪಿಗೆಯನ್ನು ಓದಿಸಿದನು. ಜಾನ್ ಹಾಥಾರ್ನನು ಅಂಥದೊಂದನ್ನೂ ಮಾಡಲಿಲ್ಲ. ಸೇಲಂ ಬಂದರಿನ ಸುಂಕದ ಕಚೇರಿಯಲ್ಲಿ ಕೆಲಸಕ್ಕಿದ್ದು 1849ರಲ್ಲಿ ಅಲ್ಲಿಂದ ಹೊರದೂಡಲ್ಪಟ್ಟ ಈ ವಂಶಜನು, ತನ್ನ ಕಾದಂಬರಿಯ ಮುನ್ನುಡಿಯಲ್ಲಿ ಆ ಹಿರಿಯರ ಲಜ್ಜೆಯನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುವನು.

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ಹೆಸ್ಟರಳ ಗಂಡನಾದ ವೈದ್ಯ ಚಿಲಿಂಗ್‌ವರ್ತನು ಪಾದ್ರಿಯ ಅಂತರಂಗವನ್ನು ಸರಿಯಾಗಿ ಕಂಡ ಒಂದೇ ಕಣ್ಣು. ಸರಿಯಾಗಿ ಕಂಡೂ ದಯೆಯಿಲ್ಲದ ಕಣ್ಣು ಊರಿನ ಕುರುಡಿಗಿಂತ ಘೋರವಾದುದೆಂಬ ಮಹತ್ತ್ವದ ದರ್ಶನ ಇಲ್ಲಿತ್ತು. ಆದರೆ ಲೇಖಕನು ಅವನ ಕಣ್ಣಿನಲ್ಲಿ ಕೆಂಪು ಜ್ವಾಲೆಯನ್ನು ಹೊತ್ತಿಸಿ, ಅವನನ್ನು ಪಿಶಾಚಿಯ ವೇಷದಲ್ಲಿ ನಿಲ್ಲಿಸಿ, ಮನುಷ್ಯಸಹಜವಾದ ಹೊಟ್ಟೆಯುರಿಯನ್ನು ನಾಟಕದ ಬಣ್ಣಕ್ಕೆ ಬಲಿಗೊಟ್ಟನು. ಇದಕ್ಕಿಂತ ಗಂಭೀರವಾದುದು ಕೊನೆಯ ಅಧ್ಯಾಯದ ಹಿಂಜರಿಕೆ. ಬಹುಕಾಲ ಪರದೇಶದಲ್ಲಿದ್ದ ಹೆಸ್ಟರಳು, ಯಾರೂ ಬಲಾತ್ಕರಿಸದಿದ್ದರೂ, ಹಿಂದಿರುಗಿ ಬಂದು ಅದೇ ಅಕ್ಷರವನ್ನು ಮತ್ತೆ ಧರಿಸುತ್ತಾಳೆ. ನೊಂದ ಹೆಂಗಸರು ಅವಳ ಗುಡಿಸಲಿಗೆ ಬಂದು ದುಃಖವನ್ನು ತೋಡಿಕೊಳ್ಳುತ್ತಾರೆ. ಇದನ್ನು ಸೋಲೆನ್ನುವವರೊಡನೆ ನಾನು ಸೇರಲಾರೆ: ಊರು ಹೇರಿದ ಗುರುತನ್ನು ಆಕೆ ಈಗ ತನ್ನ ಇಚ್ಛೆಯಿಂದ ತೊಡುತ್ತಿದ್ದಾಳೆ, ಮತ್ತು ಅದನ್ನು ನೋಡಿ ಹತ್ತಿರಕ್ಕೆ ಬರುವವರು ದೂರುವುದಕ್ಕಾಗಿ ಬರುತ್ತಿಲ್ಲ. ಆದರೆ ಗಂಡು ಹೆಣ್ಣುಗಳ ಸಂಬಂಧವು ಇನ್ನೂ ದೃಢವಾದ ನೆಲೆಯ ಮೇಲೆ ನಿಲ್ಲುವ ಕಾಲವೊಂದು ಬರುವುದೆಂದು ಆಕೆ ಅವರನ್ನು ಸಮಾಧಾನಪಡಿಸುವಾಗ, ಆ ಹೊಸ ಸತ್ಯವನ್ನು ಸಾರುವವಳು ಪಾಪದ ಕಲೆ ತಗಲಿದ ಹೆಣ್ಣಾಗಲಾರಳು, ಪರಿಶುದ್ಧಳಾದ ಬೇರೊಬ್ಬಳಾಗಬೇಕು ಎಂದು ಕಥನಕಾರನು ಅವಳ ಬಾಯಿಂದಲೇ ಒಪ್ಪಿಸುತ್ತಾನೆ. ಏಳು ವರ್ಷಗಳ ಏಕಾಂತದಲ್ಲಿ ಆ ಊರಿನ ಯಾವ ಪಂಡಿತನೂ ಯೋಚಿಸದಷ್ಟು ನಿರ್ಭಯವಾಗಿ ಯೋಚಿಸಿದವಳೆಂದು ತಾನೇ ಚಿತ್ರಿಸಿದ ಹೆಣ್ಣಿಗೆ, ಆ ಯೋಚನೆಯ ಫಲವನ್ನು ನುಡಿಯುವ ಅರ್ಹತೆಯಿಲ್ಲವೆನ್ನುವಲ್ಲಿ, ಇಡೀ ಕಾದಂಬರಿಯಲ್ಲಿ ಯಾರ ದೃಷ್ಟಿಯನ್ನು ಆತನು ಪ್ರಶ್ನಿಸುತ್ತ ಬಂದನೋ ಅವರ ದೃಷ್ಟಿಯಿಂದಲೇ ಹಾಥಾರ್ನನು ಅವಳನ್ನು ನೋಡಿದನೆಂದು ಹೇಳದೆ ವಿಧಿಯಿಲ್ಲ.